ಮಿಲಿಟರಿ ಒಲೆ ಟೆಂಟಿನ ಹೊರಗಿರಲಿ

ಹಾಸನ, ಅರಕಲಗೂಡಿನ ಕಡೆಯಿಂದ ಹೊರಟು ಬಿಸಿಲೆ ಘಟ್ಟದ ಮಳೆಯಲ್ಲಿ ನೆನೆದವರಿಗೆ ಒಂದು ಲೋಟ ಬಿಸಿನೀರೇ ಸ್ವರ್ಗ. ಅದಕ್ಕೆಂದೇ ಕೆಲವರ ಚೀಲದಲ್ಲಿ ಹಳೇ ಮಿಲಿಟರಿ ಒಲೆ ಇರುತ್ತದೆ: ಮಡಚುವ ತಗಡು, ಜೊತೆಗೆ ಉರಿಸುವ ಬಿಳಿ ಬಿಲ್ಲೆ.

ಜರ್ಮನಿಯ ಎರಿಕ್ ಶುಮ್ 1936ರಲ್ಲಿ ರೂಪಿಸಿದ ಈ ಬಗೆಯ ಬಿಲ್ಲೆಯಲ್ಲಿರುವುದು ಹೆಕ್ಸಮೈನ್ ಎಂಬ ರಾಸಾಯನಿಕ. ಹೊಗೆ ಅಷ್ಟಾಗಿ ಕಾಣುವುದಿಲ್ಲ. ಮೋಸ ಹೋಗುವುದೇ ಅಲ್ಲಿ. ಉರಿದಾಗ ಫಾರ್ಮಾಲ್ಡಿಹೈಡ್, ಅಮೋನಿಯಾ, ತುಸು ಸಯನೈಡ್ ಅನಿಲವೂ ಹೊರಬೀಳಬಹುದು. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಬೇರೆ. ಹೊಳೆನರಸೀಪುರದ ಅಜ್ಜಿಯ ಬಚ್ಚಲಲ್ಲಿ ಹಂಡೆ ಒಲೆಗೂ ಹೊಗೆಗೂಡು ಇರುತ್ತದಲ್ಲ? ಟೆಂಟಿಗೆ ಅದೂ ಇಲ್ಲ. ಮಳೆ ಬಂತೆಂದು ಒಳಗೆ ಹಚ್ಚಬೇಡಿ, ಮಾರಾಯ್ರೇ.

ನೀರು ಕಾಯಿಸಲು ಅಲ್ಯೂಮಿನಿಯಂ ಬಾಟಲಿಯನ್ನು ಮುಚ್ಚಳ ಬಿಗಿದು ಉರಿಗಿಟ್ಟರೆ ಹಬೆ ತುಂಬಿ ಸಿಡಿಯುತ್ತದೆ. ಮುಚ್ಚಳ ತೆಗೆದೇ ಇಡಿ. ಮದ್ದುಗುಂಡಿನ ಹಳೇ ಪೆಟ್ಟಿಗೆಯಂತೂ ನೀರಿಗೆ ಬೇಡವೇ ಬೇಡ; ಬಣ್ಣ, ಎಣ್ಣೆ ಏನೇನು ಅಂಟಿದೆಯೋ. ಹಳೇ ಪೆಟ್ರೋಲ್ ಒಲೆಯಾದರೆ ವಾಷರ್ ಒಣಗಿ ಬಿರಿದಿದೆಯೇ ಎಂದು ಮನೆಯಲ್ಲೇ ನೋಡಿ. ಒಲೆ ಪೂರ್ತಿ ಆರಿದ ಮೇಲಷ್ಟೇ ಪೆಟ್ರೋಲ್ ತುಂಬಿ.

ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದಕ್ಕೆ 1963ರ ಅರಣ್ಯ ಕಾಯ್ದೆಯ ನಿಷೇಧವಿದೆ. ಅಲ್ಲಿಗೆ ಫ್ಲಾಸ್ಕ್ ಒಯ್ದರೆ ಸಾಕು.

ಇನ್ನು ಆ ಬಿಲ್ಲೆಗೆ ಮೀನಿನಂಥ ವಾಸನೆ. ಅವಲಕ್ಕಿ ಪೊಟ್ಟಣದ ಪಕ್ಕ ಇಡಬೇಡಿ, ಮುಟ್ಟಿದ ಕೈ ತೊಳೆದೇ ತಿನ್ನಿ.