ಲಂಡನ್ನಿನ ಮಳೆದಿನದ ಖರ್ಚು

ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್, ಬೆಂಗಳೂರಿಗಿಂತ ಕಡಿಮೆ. ಆದರೆ ಅಟ್ಲಾಂಟಿಕ್ ಕಡೆಯಿಂದ ಸಾಲುಗಟ್ಟಿ ಬರುವ ಮೋಡಗಳು ಅದನ್ನು ಹನ್ನೆರಡು ತಿಂಗಳಿಗೂ ಹಂಚಿ, ದಿನವಿಡೀ ಜಿನುಗಿಸುತ್ತವೆ. ವಾರದ ಪ್ರವಾಸಕ್ಕೆ ಹೋಗುವವರು ಒಂದು ದಿನವಾದರೂ ಮಳೆಗೆ ಹೋಗುತ್ತದೆಂದು ಮೊದಲೇ ಲೆಕ್ಕ ಹಿಡಿಯುವುದು ಒಳ್ಳೆಯದು. ಹಾಗೆ ಹಿಡಿದರೆ ಆ ದಿನ ಇಡೀ ಪ್ರವಾಸದಲ್ಲೇ ಅಗ್ಗದ ದಿನವಾಗಬಲ್ಲದು. ಹಿಡಿಯದಿದ್ದರೆ ಟ್ಯಾಕ್ಸಿಗೂ ಬೆಚ್ಚಗೆ ಕೂರಲೆಂದೇ ಕುಡಿಯುವ ಕಾಫಿಗೂ ಸಂಜೆಯೊಳಗೆ ಕಿಸೆ ಖಾಲಿಯಾಗುತ್ತದೆ.

ಅಗ್ಗವಾಗಲು ಕಾರಣ ಅಲ್ಲಿನ ಮ್ಯೂಸಿಯಂಗಳು. 1753ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿ 1759ರಲ್ಲಿ ಬಾಗಿಲು ತೆರೆದ ಬ್ರಿಟಿಷ್ ಮ್ಯೂಸಿಯಂ ಆರಂಭದಿಂದಲೇ ಪ್ರವೇಶ ಶುಲ್ಕವಿಲ್ಲದ ಸಂಸ್ಥೆ. ಎಂಬತ್ತರ ದಶಕದಲ್ಲಿ ಹಣ ಕೇಳತೊಡಗಿದ್ದ ಇತರ ಕೆಲವು ರಾಷ್ಟ್ರೀಯ ಮ್ಯೂಸಿಯಂಗಳೂ 2001ರ ಡಿಸೆಂಬರ್ ಹೊತ್ತಿಗೆ ಶುಲ್ಕ ಕೈಬಿಟ್ಟವು. ಅಂದಿನಿಂದ ಶಾಶ್ವತ ಸಂಗ್ರಹಗಳು ಎಲ್ಲರಿಗೂ ಉಚಿತ, ವಿದೇಶಿಯರಿಗೂ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಬಾಗಿಲ ಬಳಿಯ ಕಾಣಿಕೆ ಪೆಟ್ಟಿಗೆಗೆ ಹಾಕಲೇಬೇಕೆಂಬ ಒತ್ತಾಯವಿಲ್ಲ. ಆದರೂ ಇಷ್ಟು ದೊಡ್ಡ ಉಪಕಾರಕ್ಕೆ ಕೈಲಾದಷ್ಟು ಹಾಕುವುದು ನ್ಯಾಯ. ಉಚಿತ ಪ್ರವೇಶಕ್ಕೂ ಜಾಲತಾಣದಲ್ಲಿ ಸಮಯ ಕಾದಿರಿಸಿಕೊಂಡರೆ ಮಳೆಯಲ್ಲಿ ಸರದಿ ನಿಲ್ಲುವುದು ತಪ್ಪುತ್ತದೆ.

ಹೀಗಾಗಿ ಮ್ಯೂಸಿಯಂಗಳಿಗೆ ದಿನ ಗೊತ್ತುಮಾಡದೆ ಮಳೆಗಾಗಿ ಮೀಸಲಿಡಬೇಕು. ಟಿಕೆಟ್ ಕೊಂಡು ನೋಡುವ ಎತ್ತರದ ತಾಣಗಳ ವಿಷಯ ಬೇರೆ. ಲಂಡನ್ ಐನಂಥ ಕಡೆ ಮುಂಗಡ ಕೊಂಡರೆ ದರ ಕಡಿಮೆ, ಆದರೆ ಮೋಡ ಕವಿದರೆ ಹಣ ಕೊಟ್ಟು ನೋಡುವುದು ಬೂದು ಬಣ್ಣವನ್ನೇ. ಹವಾಮಾನ ಮುನ್ಸೂಚನೆ ನೋಡಿ ಒಂದೆರಡು ದಿನ ಮುಂಚೆ ಕೊಳ್ಳುವುದು ಈ ಅಂಕಣಕಾರರ ಕುಟುಂಬದ ರೂಢಿ. ಅದಕ್ಕೆ ತಗಲುವ ಹೆಚ್ಚುವರಿ ಹಣ, ವ್ಯರ್ಥವಾಗುವ ಟಿಕೆಟ್ಟಿನ ಬೆಲೆಗಿಂತ ಕಡಿಮೆಯೇ.

ಮಳೆದಿನಕ್ಕೆ ಹೇಳಿ ಮಾಡಿಸಿದ ಜಾಗ ಸೌತ್ ಕೆನ್ಸಿಂಗ್ಟನ್. ಅಲ್ಲಿನ ಟ್ಯೂಬ್ ನಿಲ್ದಾಣದಿಂದ 1885ರಲ್ಲಿ ಕಟ್ಟಿದ ಪಾದಚಾರಿ ಸುರಂಗವೊಂದು ಮ್ಯೂಸಿಯಂಗಳ ಹತ್ತಿರಕ್ಕೇ ಒಯ್ಯುತ್ತದೆ. ಕೊಡೆ ಬಿಚ್ಚುವ ಪ್ರಮೇಯವೇ ಹೆಚ್ಚಿಲ್ಲ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ನಡುಮನೆಯಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತದೆ. ಪಕ್ಕದ ಸೈನ್ಸ್ ಮ್ಯೂಸಿಯಂನಲ್ಲಿ ಚಂದ್ರನನ್ನು ಸುತ್ತಿ ಬಂದ ಅಪೊಲೊ 10ರ ನೌಕೆ ಇದೆ. ರಸ್ತೆ ದಾಟಿದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್.

ಕನ್ನಡಿಗರ ಹೆಜ್ಜೆ ನಿಲ್ಲುವುದು ಈ ಕೊನೆಯದರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಹೊತ್ತೊಯ್ದ ಟಿಪ್ಪುವಿನ ಹುಲಿ ಇದರ ಸಂಗ್ರಹದಲ್ಲಿದೆ. ಬಣ್ಣ ಬಳಿದ ಮರದ ಹುಲಿ, ಅದರ ಅಡಿ ಅಂಗಾತ ಬಿದ್ದ ಐರೋಪ್ಯ. ಪಕ್ಕದ ಹಿಡಿ ತಿರುಗಿಸಿದರೆ ಅವನ ತೋಳು ಮೇಲೆದ್ದು ನರಳುವ ದನಿಯೂ ಹುಲಿಯ ಗುರುಗುರು ಸದ್ದೂ ಹೊರಡುವಂತೆ ಒಳಗೆ ತಿದಿ, ಕೊಳವೆಗಳನ್ನು ಜೋಡಿಸಿದ್ದಾರೆ. ಹೊಟ್ಟೆಯೊಳಗೆ ಒಂದು ಪುಟ್ಟ ಆರ್ಗನ್. ಇದಕ್ಕೂ ಪ್ರವೇಶ ಶುಲ್ಕವಿಲ್ಲ. ಗ್ಯಾಲರಿಗಳು ದುರಸ್ತಿಗೆಂದು ಮುಚ್ಚುವುದುಂಟು, ಆದ್ದರಿಂದ ಹುಲಿ ಪ್ರದರ್ಶನದಲ್ಲಿದೆಯೇ ಎಂದು ನೋಡಿಕೊಂಡೇ ಹೊರಡಬೇಕು.

ಓಡಾಟಕ್ಕೆ ಕೆಂಪು ಬಸ್ಸಿಗಿಂತ ಅಗ್ಗದ ಸವಾರಿಯಿಲ್ಲ. 2014ರಿಂದ ಅದರಲ್ಲಿ ನಗದು ನಡೆಯುವುದಿಲ್ಲ, ಕಾರ್ಡ್ ಮುಟ್ಟಿಸಬೇಕು. 2023ರಲ್ಲಿ ದರ 1.75 ಪೌಂಡ್ ಆಯಿತು. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಅಷ್ಟೇ. ದಿನದ ಮಿತಿ ತಲುಪಿದ ಮೇಲೆ ಮತ್ತೆ ಹಣ ಕಡಿತವಾಗುವುದಿಲ್ಲ. ಆದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಬ್ಬರು ಒಂದೇ ಕಾರ್ಡ್ ಬಳಸಬೇಕು. ಬೆಳಿಗ್ಗೆ ಕಾರ್ಡ್, ಸಂಜೆ ಫೋನ್ ಎಂದರೆ ಲೆಕ್ಕ ಬೇರೆಬೇರೆಯಾಗಿ ಮಿತಿಯ ಲಾಭ ಕೈತಪ್ಪುತ್ತದೆ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಬಸ್ ಉಚಿತ. ಟ್ರಫಾಲ್ಗರ್ ಚೌಕದಿಂದ 15ನೇ ನಂಬರಿನ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟು ಹಿಡಿದು, ಮಂಜು ಕಟ್ಟಿದ ಗಾಜನ್ನು ತೋಳಿನಿಂದ ಒರೆಸಿಕೊಂಡರೆ ಸೇಂಟ್ ಪಾಲ್ಸ್ ಚರ್ಚಿನಿಂದ ಟವರ್ ಕೋಟೆಯವರೆಗೆ ನೆನೆಯದೆ ನೋಡಬಹುದು. ಹತ್ತಾರು ಪೌಂಡ್ ಕೊಟ್ಟು ತೆರೆದ ಚಾವಣಿಯ ಪ್ರವಾಸಿ ಬಸ್ ಹತ್ತುವ ದಿನ ಅದಲ್ಲ.

ಇಂಥ ದಿನ ಕಾಣದಂತೆ ಸೋರುವ ಹಣವೆಂದರೆ ಕಾರ್ಡಿನದು. ಭಾರತದ ಬಹುತೇಕ ಕಾರ್ಡುಗಳಿಗೆ ವಿದೇಶಿ ಕರೆನ್ಸಿಯ ಖರ್ಚಿನ ಮೇಲೆ ಶುಲ್ಕವುಂಟು, ಶೇ 3.5ರ ಶುಲ್ಕಕ್ಕೆ ಶೇ 18ರ ಜಿಎಸ್‌ಟಿ ಸೇರಿದರೆ ನೂರು ಪೌಂಡಿಗೆ ನಾಲ್ಕು ಪೌಂಡ್ ದಾಟುತ್ತದೆ. ಹೊರಡುವ ಮುನ್ನ ಶುಲ್ಕ ಕಡಿಮೆಯಿರುವ ಕಾರ್ಡ್ ಒಂದನ್ನು ಮಾಡಿಸಿಕೊಳ್ಳಬೇಕು. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕೊಡುವಿರಾ ಎಂದು ಕೇಳಿದರೆ ಪೌಂಡನ್ನೇ ಆರಿಸಬೇಕು. ರೂಪಾಯಿ ಎಂದೊತ್ತಿದರೆ ಅವರು ಹಾಕಿದ ವಿನಿಮಯ ದರಕ್ಕೇ ಕೊಡಬೇಕಾಗುತ್ತದೆ, ಅದು ಸಾಮಾನ್ಯವಾಗಿ ದುಬಾರಿ. ಮಳೆಗೆಂದು ಆಕ್ಸ್‌ಫರ್ಡ್ ಸ್ಟ್ರೀಟಿನ ಅಂಗಡಿ ಹೊಕ್ಕವರಿಗೆ ಇನ್ನೊಂದು ಮಾತು: ಕೊಂಡದ್ದನ್ನು ಕೈಯಲ್ಲೇ ಊರಿಗೆ ಒಯ್ಯುವ ಪ್ರವಾಸಿಗರಿಗೆ ಶೇ 20ರ ವ್ಯಾಟ್ ಮರಳಿಸುವ ಪದ್ಧತಿ ಅಲ್ಲಿ 2021ರ ಜನವರಿಯಿಂದ ನಿಂತುಹೋಗಿದೆ. ಹಳೆಯ ಪ್ರವಾಸಿಗರ ಮಾತು ನಂಬಿ ಖರೀದಿಯ ಲೆಕ್ಕ ಹಾಕಬಾರದು.

ಊಟದಲ್ಲೂ ಉಳಿತಾಯಕ್ಕೆ ದಾರಿಯಿದೆ. ಸೂಪರ್ ಮಾರ್ಕೆಟ್ಟುಗಳ ಮೀಲ್ ಡೀಲಿನಲ್ಲಿ ಸ್ಯಾಂಡ್‌ವಿಚ್, ತಿಂಡಿ, ಪಾನೀಯ ಮೂರೂ ಸೇರಿ ಸಿಗುತ್ತವೆ. ಚೀಸ್ ಮತ್ತು ಈರುಳ್ಳಿಯದು ಸಸ್ಯಾಹಾರಿಗಳಿಗೂ ಆಗುತ್ತದೆ. ಸೈನ್ಸ್ ಮ್ಯೂಸಿಯಂನಲ್ಲಿ ಬುತ್ತಿ ಬಿಚ್ಚಲು ಜಾಗವುಂಟು. ಬಿಸಿ ಅನ್ನ, ದೋಸೆಯೇ ಬೇಕೆನ್ನುವವರಿಗೆ ಯೂಸ್ಟನ್ ನಿಲ್ದಾಣದ ಮಗ್ಗುಲಿನ ಡ್ರಮಂಡ್ ಸ್ಟ್ರೀಟ್ ಬಹುಕಾಲದಿಂದ ಭಾರತೀಯ ಸಸ್ಯಾಹಾರಿ ಹೋಟೆಲುಗಳ ಬೀದಿ.

ಆಯ್ಕೆಯಿದ್ದರೆ ಶುಕ್ರವಾರದ ಮಳೆ ವಾಸಿ. ಉಳಿದ ದಿನಗಳಲ್ಲಿ ಸಂಜೆ ಐದು, ಆರಕ್ಕೆ ಮುಚ್ಚುವ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮೂರೂ ಅಂದು ರಾತ್ರಿಯವರೆಗೆ ತೆರೆದಿರುತ್ತವೆ. ಶಾಲಾ ಮಕ್ಕಳ ಗುಂಪುಗಳು ಹೋದ ಮೇಲೆ ನ್ಯಾಷನಲ್ ಗ್ಯಾಲರಿಯಲ್ಲಿ ವಾನ್ ಗೋನ ಸೂರ್ಯಕಾಂತಿಗಳ ಮುಂದೆ ಯಾರ ಭುಜವೂ ತಾಗದೆ ನಿಲ್ಲಲು ಅವಕಾಶ ಹೆಚ್ಚು.