ಹಿತ್ತಲಿನ ಟೊಮೇಟೊ ಮತ್ತು ಸಂತೆಯ ಟೊಮೇಟೊ

ಟೊಮೇಟೊವಿನಷ್ಟು ಬೆಲೆಯ ಏರಿಳಿತವುಳ್ಳ ತರಕಾರಿಯು ಬಹು ವಿರಳ. 2023ನೆಯ ಜುಲೈ ತಿಂಗಳಿನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ತೂಕದ ಒಂದು ಪೆಟ್ಟಿಗೆಯ ಬೆಲೆಯು 2,000 ರೂಪಾಯಿಗಳನ್ನು ದಾಟಿತು. ಅದನ್ನು ಕಂಡು ಎಲ್ಲರೂ ಒಟ್ಟಿಗೆ ನಾಟಿ ಮಾಡಿದುದರಿಂದ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಲೆಯು ಬಿಡಿಸುವ ಕೂಲಿಗೂ ಸಾಲದಷ್ಟು ಕುಸಿದು, ಹಣ್ಣು ರಸ್ತೆಯ ಪಾಲಾಯಿತು. ಮೊದಲನೆಯ ಕಾಲದಲ್ಲಿ, ಬಾವಿಯೂ ಹಿತ್ತಲೂ ಇರುವ ಜಮೀನುದಾರರ ಮನೆಗಳಲ್ಲಿಯೂ ಕಾಲು ಕಿಲೋ ಲೆಕ್ಕದಲ್ಲಿ ಹಣ್ಣನ್ನು ಕೊಂಡು ತಂದದ್ದುಂಟು. ಆದಕಾರಣ ಮನೆಯ ಖರ್ಚಿನ ಟೊಮೇಟೊವನ್ನು ಬೆಳೆಯುವುದು ಲೇಸೋ ಕೊಳ್ಳುವುದು ಲೇಸೋ ಎಂಬುದು ವಿಚಾರಾರ್ಹವಾದ ವಿಷಯ. ಇದಕ್ಕೆ ವರ್ಷಕ್ಕೆಲ್ಲ ಒಂದೇ ಉತ್ತರವಿಲ್ಲ. ತಿಂಗಳನ್ನೂ ಸ್ಥಳವನ್ನೂ ನೋಡಿ ನಿಶ್ಚಯಿಸಬೇಕು.

ಸಂತೆಯಲ್ಲಿ ಹಣ್ಣು ರಾಶಿಬಿದ್ದಿರುವಾಗ ಹಿತ್ತಲಿನಲ್ಲಿ ಬೆಳೆದು ಹಣ ಉಳಿಸುವೆನೆಂಬುದು ಬರಿಯ ಭ್ರಮೆ. ಗೊಬ್ಬರ, ಊರುಗೋಲು, ನೀರು ಹೊರುವವರ ಶ್ರಮ, ಇವುಗಳನ್ನು ಲೆಕ್ಕಕ್ಕೆ ಹಿಡಿದರೆ ಕೊಂಡ ಹಣ್ಣೇ ಅಗ್ಗ. ಅಂಥ ಕಾಲದಲ್ಲಿ ರೈತ ಸಂತೆಗೆ ಹೋಗಿ, ಬೆಳೆದವನ ಕೈಯಿಂದಲೇ ಕೊಳ್ಳತಕ್ಕದ್ದು. ಇದರಿಂದ ಉಭಯರಿಗೂ ಅನುಕೂಲ. ದೂರದ ಪೇಟೆಗೆ ಹೋಗುವ ಹಣ್ಣನ್ನು ಬಣ್ಣ ತಿರುಗುವ ಹೊತ್ತಿಗೇ ಬಿಡಿಸುವರಾದ್ದರಿಂದ ಅದರಲ್ಲಿ ಗಿಡದಲ್ಲಿಯೇ ಮಾಗಿದ ಹಣ್ಣಿನ ರುಚಿಯಿರದು. ಹತ್ತಿರದ ಹಳ್ಳಿಯಿಂದ ಆ ದಿನ ಬೆಳಗ್ಗೆ ಬಂದ ಬುಟ್ಟಿಯನ್ನು ಹುಡುಕುವುದು ಮೇಲು. ಕೆಂಪು, ದೋರೆ ಎರಡನ್ನೂ ಬೆರೆಸಿ ಕೊಂಡರೆ ವಾರಕ್ಕೆ ಸಾಲುವುದು. ದೋರೆಹಣ್ಣನ್ನು ಶೀತಪೆಟ್ಟಿಗೆಯಲ್ಲಿಟ್ಟರೆ ಪರಿಮಳವು ಕೆಡುವುದಲ್ಲದೆ ಸರಿಯಾಗಿ ಮಾಗುವುದೂ ಇಲ್ಲ. ಬೆಲೆ ತೀರ ಇಳಿದಾಗ ಒಂದು ಪೆಟ್ಟಿಗೆಯನ್ನೇ ತಂದು, ಉಪ್ಪು, ಹುಣಿಸೆ, ಮೆಣಸಿನಪುಡಿ, ಎಳ್ಳೆಣ್ಣೆಗಳೊಡನೆ ನೀರಿನಂಶ ಆರುವವರೆಗೆ ಕುದಿಸಿ ತೊಕ್ಕು ಮಾಡಿ ಜಾಡಿಯಲ್ಲಿ ತುಂಬಿಡುವ ಗೃಹಿಣಿಯು ಆಷಾಢದಲ್ಲಿ ಸಂತೆಯ ಮುಖ ನೋಡಬೇಕಾಗಿಲ್ಲ. (ಶ್ರಾದ್ಧದ ಅಡಿಗೆಗೆ ಇಂದಿಗೂ ಈ ಹಣ್ಣನ್ನು ಸೇರಿಸದ ಮನೆಗಳುಂಟು, ಅವರಿಗೆ ಆ ದಿನವಾದರೂ ಬೆಲೆಯ ಚಿಂತೆಯಿಲ್ಲ.)

ಹಿತ್ತಲಿನ ಬೆಳೆಯನ್ನು ಸಂತೆಯಲ್ಲಿ ಹಣ್ಣು ತುಟ್ಟಿಯಾಗುವ ತಿಂಗಳುಗಳಿಗಾಗಿ ಮೀಸಲಿಡಬೇಕು. ಬೇಸಗೆಯ ತಾಪದಲ್ಲಿ ಹೂವು ಉದುರಿ ಕಾಯಿ ಕಟ್ಟದಿರುವುದೂ, ಮುಂಗಾರಿನ ಮೊದಲ ಮಳೆಗಳಲ್ಲಿ ಅಂಗಮಾರಿ ರೋಗ ತಗಲುವುದೂ ಜೂನ್ ಕೊನೆಯಿಂದ ಆಗಸ್ಟಿನವರೆಗೆ ಬೆಲೆ ಏರಲು ಮುಖ್ಯ ಕಾರಣಗಳು. ಎಕರೆಗಟ್ಟಲೆ ಬೆಳೆಯುವವನು ಇವುಗಳನ್ನು ತಡೆಯಲು ಬಹಳ ಖರ್ಚು ಮಾಡಬೇಕು. ಹನ್ನೆರಡು ಗಿಡಗಳನ್ನು ಸಾಕುವವನಿಗೆ ಇದು ಸಾಧ್ಯ. ಆರು ಜನರ ಸಂಸಾರಕ್ಕೆ ದಿನಕ್ಕೆ ಅರ್ಧ ಕಿಲೋ ಎಂದರೂ ತಿಂಗಳಿಗೆ 15 ಕಿಲೋ ಆಯಿತು. ಚೆನ್ನಾಗಿ ಸಾಕಿದ ಗಿಡವೊಂದು 2ರಿಂದ 3 ಕಿಲೋ ಕೊಡುವುದರಿಂದ ಹನ್ನೆರಡು ಗಿಡಗಳು ಸುಮಾರು ಎರಡು ತಿಂಗಳಿಗೆ ಸಾಕು. ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಬಿಟ್ಟರೆ 9 ಅಡಿ ಉದ್ದ, 8 ಅಡಿ ಅಗಲದ ಜಾಗ ಹಿಡಿಯುವುದು. ಕಡುಬಿಸಿಲಿನಲ್ಲಿ ದಿನಕ್ಕೆ ಎರಡು ಕೊಡ ನೀರು ಬೇಕು.

ಮಾರ್ಚ್ ಮಧ್ಯದಲ್ಲಿ ಒಟ್ಲು ಪಾತಿಯಲ್ಲಿ ಬೀಜ ಬಿತ್ತಿ, 25ರಿಂದ 30 ದಿನಗಳ ಸಸಿಗಳನ್ನು ಸಂಜೆಯ ವೇಳೆ ನಾಟಿ ಮಾಡಿದರೆ ಜೂನ್ ಕೊನೆಗೆ ಹಣ್ಣು ಕೈಸೇರುವುದು. ಈ ಕಾಲದಲ್ಲಿ ಅತ್ಯಂತ ಭಯಂಕರವಾದುದು ಎಲೆಮುದುಡು ರೋಗ. ಇದನ್ನು ಹರಡುವುದು ಬಿಳಿನೊಣ. ರೋಗ ಹತ್ತಿದ ಗಿಡಕ್ಕೆ ಔಷಧವಿಲ್ಲ. ಎಳೆಯ ಸಸಿಗೆ ಹತ್ತಿದರೆ ಅದು ಫಲ ಕೊಡುವುದೇ ಇಲ್ಲವೆನ್ನಬಹುದು. ಆದುದರಿಂದ ಬಿತ್ತಿದ ದಿನದಿಂದಲೇ ಪಾತಿಯ ಮೇಲೆ ಬಿದಿರು ಕಮಾನು ಹೂಡಿ, ಸಣ್ಣ ಕಣ್ಣಿನ ನೈಲಾನ್ ಪರದೆಯನ್ನು ಸುತ್ತಲೂ ಮಣ್ಣಿನಲ್ಲಿ ಹುಗಿದು ಮುಚ್ಚತಕ್ಕದ್ದು. ಸೊಳ್ಳೆಪರದೆಯ ಕಣ್ಣುಗಳು ಇದಕ್ಕೆ ದೊಡ್ಡವು. ನಾಟಿಯ ನಂತರ ಮುದುಡಿದ ಗಿಡ ಕಂಡರೆ ಮರುಕಪಡದೆ ಕಿತ್ತು ಸುಡಬೇಕು. ಬುಡಕ್ಕೆ ಒಣ ಹುಲ್ಲನ್ನೋ ತರಗನ್ನೋ ಹರಡಿ, ನೀರನ್ನು ಎಲೆಗೆ ತಾಗದಂತೆ ಬುಡಕ್ಕೇ ಹಾಕಬೇಕು. ಮೂರು ದಿನ ಒಣಗಿಸಿ ನಾಲ್ಕನೆಯ ದಿನ ತುಂಬ ಹಾಯಿಸುವ ಅಭ್ಯಾಸದಿಂದ ಗಿಡಕ್ಕೆ ಸುಣ್ಣದಂಶವು ಸಮನಾಗಿ ಸಿಕ್ಕದೆ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು. ಹಲವರು ಇದನ್ನು ಹುಳುವಿನ ಕಾಟವೆಂದು ತಿಳಿದು ವೃಥಾ ಔಷಧ ಹೊಡೆಯುವರು. ಮಳೆ ಹಿಡಿಯುವ ಮೊದಲೇ ಗಿಡಗಳನ್ನು ಕೋಲಿಗೆ ಕಟ್ಟಿ, ನೆಲಕ್ಕೆ ತಾಗುವ ಎಲೆಗಳನ್ನು ತೆಗೆದರೆ ಅಂಗಮಾರಿಯು ಬಹುಮಟ್ಟಿಗೆ ಹಿಂಜರಿಯುವುದು.

ಈ ಹಂಗಾಮಿಗೆ ಹೆಸರುಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯು ತಕ್ಕದ್ದು; ಎಲೆಮುದುಡು, ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಶಕ್ತಿ ಅದಕ್ಕುಂಟು. ಆದರೆ ಇದು ಸಂಕರ ತಳಿಯಾದ್ದರಿಂದ ಹಣ್ಣಿನ ಬೀಜವನ್ನು ಮತ್ತೆ ಬಿತ್ತಲಾಗದು. ಬೀಜ ಉಳಿಸಬೇಕೆನ್ನುವವರು ಅರ್ಕಾ ವಿಕಾಸ್ ತಳಿಯನ್ನು ಚಳಿಗಾಲದಲ್ಲಿ ಬೆಳೆಯಬಹುದು. ಸಾರಿಗೆ ನಾಟಿಯ ಹುಳಿಹಣ್ಣೇ ಆಗಬೇಕೆನ್ನುವ ಮನೆಗಳಲ್ಲಿ ಎರಡು ಗಿಡಗಳನ್ನು ಅದಕ್ಕಾಗಿ ಇಡುವುದು ನ್ಯಾಯವೇ. ತೆಳುಸಿಪ್ಪೆಯ ಆ ಹಣ್ಣು ದೂರದ ಲಾರಿ ಪ್ರಯಾಣವನ್ನು ತಾಳಲಾರದು.

ಮೇಲಿನ ಕ್ರಮವು ಕೋಲಾರ, ಬೆಂಗಳೂರು, ತುಮಕೂರು ಮುಂತಾದ ಎತ್ತರದ ಬಯಲುಸೀಮೆಗೆ ಒಪ್ಪುವುದು. ರಾಯಚೂರು, ಕಲಬುರಗಿಗಳಲ್ಲಿ ಮೇ ತಿಂಗಳ ರಾತ್ರಿಯ ಶಾಖವು 25 ಡಿಗ್ರಿಗಳನ್ನು ಮೀರುವುದರಿಂದ ಹೂವು ನಿಲ್ಲುವುದು ಕಷ್ಟ. ಮಲೆನಾಡಿನಲ್ಲಿ ಆಷಾಢದ ಜಡಿಮಳೆಯೇ ಗಿಡವನ್ನು ಕೊಳೆಯಿಸುವುದು. ಆ ಸೀಮೆಗಳವರು ತುಟ್ಟಿಯ ಕಾಲದಲ್ಲಿ ತೊಕ್ಕನ್ನೂ ಹುಣಿಸೆಯನ್ನೂ ನಂಬಿ, ಮಳೆ ಕಳೆದ ಮೇಲೆ ರುಚಿಗಾಗಿ ಮಾತ್ರ ಬೆಳೆಯುವುದು ಉಚಿತ.

ಹಿಂದಿನ ವರ್ಷ ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಇಲ್ಲವೆ ಟೊಮೇಟೊವನ್ನೇ ಬೆಳೆದ ಪಾತಿಯಲ್ಲಿ ನಾಟಿ ಮಾಡಕೂಡದು. ಫಸಲು ಮುಗಿದ ಗಿಡಗಳನ್ನು, ಇನ್ನೂ ನಾಲ್ಕು ಕಾಯಿ ಬರಬಹುದೆಂಬ ಆಸೆಯಿಂದ ಹಿತ್ತಲಿನಲ್ಲಿ ಉಳಿಸುವುದು ಗ್ರಾಮಗಳಲ್ಲಿ ಸಾಮಾನ್ಯವಾಗಿದೆ. ಬಿಳಿನೊಣವು ಅಂಥ ಗಿಡಗಳಲ್ಲಿ ತಂಗಿ, ಅಲ್ಲಿಂದ ನೆರೆಯವನ ಎರಡು ಎಕರೆ ಹೊಸ ನಾಟಿಗೆ ರೋಗವನ್ನು ಒಯ್ಯುವುದು. ಗ್ರಾಮದ ಯಜಮಾನರು ಮೊದಲು ತಮ್ಮ ಹಿತ್ತಲಿನ ಹಳೆಯ ಗಿಡಗಳನ್ನು ಕೀಳಿಸಿ, ಆ ಬಳಿಕ ಇತರರಿಗೂ ತಿಳಿಯಹೇಳತಕ್ಕದ್ದು.