ಕುಬ್ಜವೃಕ್ಷ ಸಾಕಣೆ: ಮೊದಲನೆಯ ಗಿಡದ ಆಯ್ಕೆ

ಮಹಾವೃಕ್ಷವಾಗಿ ಬೆಳೆಯತಕ್ಕ ಜಾತಿಯ ಸಸಿಯನ್ನು ಆಳವಿಲ್ಲದ ಕುಂಡದಲ್ಲಿ ನೆಟ್ಟು, ಬೇರು ಕೊಂಬೆಗಳನ್ನು ಕಾಲಕಾಲಕ್ಕೆ ಸವರಿ, ಹಳೆಯ ಮರದ ರೂಪವು ಒಂದೆರಡು ಅಡಿ ಎತ್ತರದಲ್ಲಿಯೇ ತೋರುವಂತೆ ಸಾಕುವ ಕಲೆಗೆ ಬೋನ್ಸಾಯ್ ಎಂದು ಹೆಸರು. ಇದು ಜಪಾನೀ ಮಾತು. ತಟ್ಟೆಯಂಥ ಕುಂಡದಲ್ಲಿ ನೆಟ್ಟದ್ದು ಎಂದು ಅರ್ಥ. ಚೀನಾ ದೇಶದಲ್ಲಿ ಹುಟ್ಟಿ ಜಪಾನಿನಲ್ಲಿ ಪಳಗಿದ ಈ ವಿದ್ಯೆಯು ಕರ್ನಾಟಕದಲ್ಲಿಯೂ ನೆಲಸಿದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟದಲ್ಲಿಯೂ ಇಂತಹ ಗಿಡಗಳನ್ನು ನೋಡಬಹುದು.

ಸರಿಯಾಗಿ ಸಾಕಿದ ಕುಬ್ಜವೃಕ್ಷವು ಮನುಷ್ಯನಿಗಿಂತ ಹೆಚ್ಚು ಕಾಲ ಬಾಳುವುದು. 1625ರಿಂದ ಕುಂಡದಲ್ಲಿ ಸಾಕಲ್ಪಟ್ಟ ಒಂದು ಪೈನ್ ಮರವು 1945ರಲ್ಲಿ ಹಿರೋಷಿಮಾದ ಅಣುಬಾಂಬಿಗೂ ಉಳಿದು, 1976ರಲ್ಲಿ ಅಮೆರಿಕಾಕ್ಕೆ ಕಾಣಿಕೆಯಾಗಿ ಹೋಯಿತು. ಹೀಗಿದ್ದರೂ, ಹೊಸಬರು ತಂದ ಮೊದಲ ಗಿಡವು ಮೊದಲ ಬೇಸಗೆಯಲ್ಲಿಯೇ ಒಣಗುವುದು ಅಪರೂಪವಲ್ಲ. ಆರೈಕೆಯ ಕೊರತೆಗಿಂತ ಆಯ್ಕೆಯ ದೋಷವೇ ಇದಕ್ಕೆ ಅನೇಕ ವೇಳೆ ಕಾರಣವು.

ಹವೆಗೆ ಹೊಂದದ ಗಿಡ. ಚಿತ್ರಗಳಲ್ಲಿ ಕಾಣುವ ಜೂನಿಪರ್, ಪೈನ್ ಮುಂತಾದುವು ಚಳಿದೇಶದವು. ಚಳಿಗಾಲದ ತಂಪಿನಲ್ಲಿ ಅವು ವಿಶ್ರಮಿಸಬೇಕು. ಹೊಸಪೇಟೆ, ಕಂಪ್ಲಿಗಳ ಹವೆಯಲ್ಲಿ ಆ ವಿಶ್ರಾಂತಿ ದೊರೆಯದು. ಏಪ್ರಿಲ್, ಮೇ ತಿಂಗಳುಗಳ ಬಿಸಿಲೂ ಅವುಗಳಿಗೆ ಸಹಿಸಲಸಾಧ್ಯ. ಇದಲ್ಲದೆ ಜೂನಿಪರ್ ಗಿಡದ ಬೇರು ಸತ್ತ ಮೇಲೆಯೂ ಎಲೆಯು ಕೆಲವು ವಾರ ಹಸುರಾಗಿಯೇ ಇರುವುದರಿಂದ, ಕೊಳ್ಳುವವರು ಮೋಸಹೋಗುವುದುಂಟು.

ಹಂಪಿಯ ಕಲ್ಲುಗೋಡೆಗಳ ಪಾಠ. ಈ ಸೀಮೆಗೆ ಯಾವ ಗಿಡ ತಕ್ಕದ್ದೆಂಬುದನ್ನು ಹಂಪಿ ಬಜಾರ್ ತಾನೇ ತಿಳಿಸುವುದು. ವಿರೂಪಾಕ್ಷ ದೇವಾಲಯದಿಂದ ಪೂರ್ವಕ್ಕೆ, ಎದುರು ಬಸವಣ್ಣನ ಕಡೆಗೆ, ಅರ್ಧ ಮೈಲಿಗೆ ತುಸು ಕಡಮೆಯಾಗಿ ಚಾಚಿರುವ ಈ ಬೀದಿಯಂಥ ಹಳೆಯ ಕಟ್ಟಡಗಳ ಸಾಲಿನಲ್ಲಿ, ಹಕ್ಕಿಗಳು ಉದುರಿಸಿದ ಬೀಜದಿಂದ ಆಲ, ಅರಳಿಗಳ ಜಾತಿಯ ಸಸಿಗಳು ಕಲ್ಲಿನ ಸಂದಿಯಲ್ಲಿ ಹುಟ್ಟುವುವು. ಹಿಡಿ ಮಣ್ಣೂ ಇಲ್ಲದ ಕಡೆ, ಕಾದ ಬಂಡೆಯ ಮೇಲೆ, ಗಿಡ್ಡವಾಗಿಯೇ ವರ್ಷಗಟ್ಟಲೆ ಬದುಕಬಲ್ಲ ಈ ಜಾತಿಗೆ ಕುಂಡದ ಬಾಳು ಕಷ್ಟವಲ್ಲ. ಆದರೆ ಸ್ಮಾರಕದ ಗೋಡೆಯಿಂದ ಸಸಿಯನ್ನು ಯಾರೂ ಕೀಳಕೂಡದು. ಸಂದಿಯೊಳಗೆ ದಪ್ಪಗಾದ ಬೇರನ್ನು ಎಳೆದರೆ ಕಲ್ಲು ಕದಲುವುದು. ಆ ಕೆಲಸವು ಪುರಾತತ್ತ್ವ ಇಲಾಖೆಗೆ ಸೇರಿದುದು. ಸ್ವಂತ ಮನೆಯ ಹಿತ್ತಿಲ ಗೋಡೆ, ಬಾವಿಯ ಕಟ್ಟೆಗಳಲ್ಲಿ ಹುಟ್ಟಿದ ಸಸಿಯನ್ನು ಮಳೆಗಾಲದ ಆರಂಭದಲ್ಲಿ ಬೇರು ಹರಿಯದಂತೆ ಬಿಡಿಸಿ ತರಬಹುದು. ಇದರಿಂದ ಗೋಡೆಯೂ ಉಳಿಯುವುದು, ಗಿಡವೂ ದೊರೆಯುವುದು.

ತಕ್ಕ ಜಾತಿಗಳು. ಆಲದ ಕುಲದಲ್ಲಿಯೂ ಎಲ್ಲವೂ ಹೊಸಬರಿಗೆ ಸಮನಲ್ಲ. ಆಲ, ಅರಳಿಗಳ ಎಲೆ ದೊಡ್ಡದು. ಚಿಕ್ಕ ಕುಂಡದಲ್ಲಿ ಮರದ ರೂಪ ಬರುವುದು ಕಷ್ಟ. ಸಸ್ಯಾಲಯಗಳಲ್ಲಿ ಫೈಕಸ್ ಎಂದು ಮಾರುವ ಸಣ್ಣೆಲೆಯ ಜಾತಿಯೇ ಮೊದಲ ಗಿಡಕ್ಕೆ ಉತ್ತಮ. ನೀರು ಹಾಕಲು ಮರೆಯುವವರಿಗೆ, ಎಲೆಯಲ್ಲಿಯೇ ನೀರು ಕೂಡಿಡುವ ಜೇಡ್ ಗಿಡ ಲೇಸು. ತಾಳ್ಮೆಯುಳ್ಳವರು ಹುಣಸೆಯನ್ನು ಬೀಜದಿಂದಲೇ ಬೆಳೆಸಬಹುದು. ಅದರ ಎಲೆ ನವುರು, ತೊಗಟೆ ಒರಟು. ಕಾಂಡ ದಪ್ಪವಾಗಲು ಮಾತ್ರ ಹಲವು ವರ್ಷ ಬೇಕು. ರಾತ್ರಿ ಅದರ ಎಲೆ ಮಡಿಚಿಕೊಂಡರೆ ರೋಗವೆಂದು ಬೆದರಬೇಕಾದುದಿಲ್ಲ. ಕುಂಡದಲ್ಲಿ ಎಲೆ ಕಿರಿದಾಗುವುದೇ ಹೊರತು ಹೂವೂ ಹಣ್ಣೂ ಕಿರಿದಾಗುವುದಿಲ್ಲ. ಆದಕಾರಣ ದೊಡ್ಡ ಹಣ್ಣಿನ ಗಿಡವನ್ನು ಮೊದಲಿಗೆ ಆರಿಸಬಾರದು.

ಕೊಳ್ಳುವಾಗ ನೋಡತಕ್ಕ ಗುಣಗಳು.
1. ಕಾಂಡವು ಬುಡದಲ್ಲಿ ದಪ್ಪವಾಗಿದ್ದು ಮೇಲೆ ಹೋದಂತೆ ಸಣ್ಣದಾಗಬೇಕು. ಕೊಂಬೆಯನ್ನು ಮುಂದೆ ಬೆಳೆಸಿಕೊಳ್ಳಬಹುದು. ಕೆಟ್ಟ ಬುಡವನ್ನು ತಿದ್ದುವುದು ಕಠಿನ.
2. ಬೇರುಗಳು ಬುಡದ ಸುತ್ತಲೂ ಹರಡಿರಬೇಕು.
3. ಉಗುರಿನಿಂದ ತೊಗಟೆಯನ್ನು ತುಸು ಕೆರೆದರೆ ಒಳಗೆ ಹಸುರು ಕಾಣಬೇಕು.
4. ತಂತಿ ಕೊರೆದ ಗಾಯವಿರಬಾರದು. ಮೇಲೆ ಅಂಟಿನಿಂದ ಹಿಡಿಸಿದ ಕಲ್ಲುಗಳಿರಬಾರದು.
5. ಕುಂಡದ ತಳದಲ್ಲಿ ನೀರು ಬಸಿಯುವ ರಂಧ್ರವಿರಲೇಬೇಕು.

ಬೆಲೆಬಾಳುವ ಸಿದ್ಧ ಗಿಡಕ್ಕಿಂತ, ಸಸ್ಯಾಲಯದ ಮೂಲೆಯಲ್ಲಿ ಬಿದ್ದಿರುವ ದಪ್ಪ ಬುಡದ ಸಾಧಾರಣ ಗಿಡವೇ ಕಲಿಯುವವರಿಗೆ ಮೇಲು. ಅದು ಕೆಟ್ಟರೂ ನಷ್ಟ ಅಲ್ಪ. ಸುಧಾರಿಸಿದರೆ ವಿದ್ಯೆಯೂ ಸ್ವಂತದ್ದಾಗುವುದು.

ಮಣ್ಣು ಮತ್ತು ನೀರು. ಎರೆಮಣ್ಣು ಕುಂಡಕ್ಕೆ ಸಲ್ಲದು. ನೆನೆದಾಗ ಜಿಗುಟಾಗಿ, ಒಣಗಿದಾಗ ಬಿರಿಯುವುದು. ಕಡಲೆಕಾಳಿನಷ್ಟು ಗಾತ್ರದ ಇಟ್ಟಿಗೆ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕೊಳೆತ ಗೊಬ್ಬರ ಒಂದು ಪಾಲು ಸೇರಿಸಿ, ಧೂಳನ್ನು ಜರಡಿಯಿಂದ ತೆಗೆದು ಉಪಯೋಗಿಸಬೇಕು. ನೀರೆರೆಯಲು ಗಡಿಯಾರವನ್ನು ನೋಡದೆ ಮಣ್ಣನ್ನು ಮುಟ್ಟಿ ನೋಡಬೇಕು. ಮೇಲಣ ಅರ್ಧ ಅಂಗುಲ ಒಣಗಿದ್ದರೆ, ತಳದಿಂದ ಹರಿಯುವವರೆಗೂ ಹಾಕತಕ್ಕದ್ದು. ಕಡುಬೇಸಗೆಯಲ್ಲಿ ಫೈಕಸ್ ಗಿಡಕ್ಕೆ ದಿನಕ್ಕೆರಡು ಸಲವೂ ಬೇಕಾಗಬಹುದು. ಜೇಡ್ ಗಿಡಕ್ಕೆ ಅಷ್ಟು ಬೇಡ. ಮಧ್ಯಾಹ್ನದ ಬಿಸಿಲಿಗೆ ನೆರಳು ಮಾಡಬೇಕು. ಕಾದ ಕಲ್ಲುಚಪ್ಪಡಿಯ ಮೇಲೆ ಕುಂಡವನ್ನಿಡಬಾರದು. ಹಾಗೆಂದು ಮನೆಯ ಒಳಗಿನ ಕತ್ತಲೆಯಲ್ಲಿಯೂ ಇಡಕೂಡದು.

ಮೊದಲ ವರ್ಷ. ಗಿಡವನ್ನು ತಂದ ದಿನವೇ ಕುಂಡ ಬದಲಿಸಿ, ಬೇರು ಕತ್ತರಿಸಿ, ತಂತಿ ಸುತ್ತಿದರೆ ಮೂರು ಪೆಟ್ಟು ಒಮ್ಮೆಗೇ ಬಿದ್ದಂತಾಗುವುದು. ಕೆಲವು ವಾರ ಗಿಡವು ಹೊಸ ಜಾಗಕ್ಕೆ ಒಗ್ಗಲಿ. ಕುಂಡ ಬದಲಿಸುವುದನ್ನು ಜೂನ್, ಜುಲೈ ತಿಂಗಳ ಮಳೆಯಲ್ಲಿ ಮಾಡಿ, ಬೇರಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕತ್ತರಿಸದಿರುವುದು ಕ್ಷೇಮ. ತಂತಿಯ ಕೆಲಸ ಎರಡನೆಯ ವರ್ಷಕ್ಕಿರಲಿ. ಒಂದು ಮಳೆಗಾಲ, ಒಂದು ಬೇಸಗೆಗಳನ್ನು ಕಳೆದು ಗಿಡವು ಚಿಗುರಿತೆಂದರೆ ಆಯ್ಕೆಯು ಸರಿಯಾದುದೆಂದು ತಿಳಿಯಬಹುದು. ರೂಪ ತಿದ್ದುವ ಕೆಲಸಕ್ಕೆ ಅನಂತರ ಕೈ ಹಾಕಬೇಕು.